ಮೇಲೆ ಚೆಲ್ಲಿದ್ದು ಕೆಳಗಿನ ಕೊಡಕ್ಕೆ



ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ಭಕ್ತರ ಮನೆಗಳಿಗೆ ನಾವು ಪ್ರಸಾದಕ್ಕೆ ದಯಮಾಡಿಸಿದಾಗ ಇತ್ತೀಚೆಗೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. "ಮಗ ಪುಣೇದಾಗ ಇದ್ದಾನ್ರಿ, ಮಗಳು ಪುಣೇದಾಗ ಕಲಿಯಾಕತ್ತಾಳ್ರಿ" ಎಂಬ ಮಾತದು. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಮರಾಠಿ ಓದಿ ಬೆಳೆದ ನಮ್ಮ ಮಕ್ಕಳು ಹದಿನಾರು ಹದಿನೇಳರ ವಯಸ್ಸಿಗೇ ಗಂಟುಮೂಟೆ ಕಟ್ಟಿಕೊಂಡು ದೊಡ್ಡ ಶಹರ ಸೇರುತ್ತಿದ್ದಾರೆ. ಅಲ್ಲಿ ಅವರು ಕೆಡದಿರಲಿ ಎಂದು ತಂದೆತಾಯಿಗಳು ಚಿಂತಿಸುವುದು ಸಹಜ. ಆದರೆ ಶಹರಕ್ಕೆ ಹೋದ ಮಗಳು ಬುದ್ಧಿವಂತಳಾಗಿ ಮರಳಿ ಬಂದು, ನಾವು ಮಾಡುತ್ತಿರುವ ತಪ್ಪನ್ನೇ ತೋರಿಸಿದರೆ ಏನು ಮಾಡಬೇಕು? ಈ ಸಲದ ಸಂಚಿಕೆಯಲ್ಲಿ ಅಂಥ ಒಂದು ಪ್ರಸಂಗವನ್ನು ನಿಮ್ಮ ಮುಂದೆ ಇಡಬೇಕೆಂದು ನಮ್ಮ ಮನಸ್ಸು ಬಯಸಿದೆ.

ಕಳೆದ ದೀಪಾವಳಿಯ ರಜೆಯಲ್ಲಿ ಅಕ್ಕಲಕೋಟ ತಾಲೂಕಿನ ಒಬ್ಬ ಭಕ್ತರು ಮಗಳನ್ನು ಕರೆದುಕೊಂಡು ಮಠಕ್ಕೆ ಬಂದರು. ಮೊದಲು ಕಬ್ಬು, ದ್ರಾಕ್ಷಿ ಮಾಡುತ್ತಿದ್ದವರು. ಈಗ ಹೊಲದ ಜೊತೆಗೆ ಕಿರಾಣಿ ಅಂಗಡಿಯನ್ನೂ ನಡೆಸುತ್ತಾರೆ. ಹುಡುಗಿಗೆ ಹದಿನೇಳು ವರ್ಷ. ಪುಣೆಯ ವಸತಿಗೃಹದಲ್ಲಿದ್ದು ಹನ್ನೆರಡನೆಯ ತರಗತಿ ಓದುತ್ತಿದ್ದಾಳೆ. ಶರಣು ಮಾಡಿ ಕುಳಿತವರೇ ತಂದೆ ತಮ್ಮ ದೂರು ಬಿಚ್ಚಿದರು.

"ಅಜ್ಜಾರ, ಈಕಿಗೆ ನೀವರೇ ನಾಕ ಮಾತ ಹೇಳ್ರಿ. ದೊಡ್ಡಪ್ಪನ ಮಗಳ ಲಗ್ನಕ್ಕ ಹೊಸಾ ಬಟ್ಟಿ ಬ್ಯಾಡ, ಅವ್ವನ ಸೀರೀನ ಉಡ್ತೀನಿ ಅಂತಾಳ. ಮಂದಿ ನನಗ ಏನಂದಾರು? ಅಲ್ಲಿ ರೂಮಿನ ಹುಡುಗ್ಯಾರ ಕೂಡ ನಳದ ಸಲುವಾಗಿ ಜಗಳ. ಇಲ್ಲಿ ಬಂದ್ರ ಅಂಗಡ್ಯಾಗ ಪ್ಲಾಸ್ಟಿಕ್ ಚೀಲ ಕೊಡಬ್ಯಾಡ ಅಂತ ಗಿರಾಕಿ ಮುಂದನ ನನ್ನ ಬೈತಾಳ. ಓದೂದು ಬಿಟ್ಟು ಕಸದ ಹಿಂದ ಬಿದ್ದಾಳ್ರಿ."

ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. "ಏನವ್ವಾ, ಅಪ್ಪ ಹೇಳೂದು ಖರೇ ಏನು?" ಎಂದೆವು. "ಖರೇ ಅದರೀ ಅಜ್ಜಾರ. ಆದರ ನಾ ಯಾಕ ಹಂಗ ಮಾಡ್ತೀನಿ ಅಂತ ಯಾರೂ ಕೇಳವಲ್ಲರು" ಎಂದಳು. ಆ ಮಾತಿನಲ್ಲಿ ಹಟಕ್ಕಿಂತ ನೋವೇ ಹೆಚ್ಚಿತ್ತು. ಹಾಗಾದರೆ ಹೇಳು, ಕೇಳುತ್ತೇವೆ ಎಂದು ಕುಳಿತೆವು.

ಅವಳ ಕಾಲೇಜಿನಲ್ಲಿ ಭೂಗೋಲ ಕಲಿಸುವ ಗುರುಗಳು ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರಂತೆ. ನೀವು ದಿನಾ ಬಳಸುವ ನೀರು ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ, ನಕಾಶೆಯಲ್ಲಿ ಬೆರಳಿಟ್ಟು ತೋರಿಸಿ ಎಂದು. ಬರುವುದು ಸುಲಭವಾಗಿಯೇ ಸಿಕ್ಕಿತು. ಪುಣೆಯ ಮೇಲುಭಾಗದ ಪಾನಶೇತ, ವರಸಗಾಂವ, ಟೇಮಘರ, ಖಡಕವಾಸಲಾ ಈ ನಾಲ್ಕು ಅಣೆಕಟ್ಟುಗಳ ನೀರು ಶಹರಕ್ಕೆ ಬರುತ್ತದೆ. ಹೋಗುವುದನ್ನು ಹುಡುಕುತ್ತ ಅವಳ ಬೆರಳು ಮುಂದೆ ಸಾಗಿತು. ಸ್ನಾನದ ನೀರು, ಬಟ್ಟೆ ತೊಳೆದ ಸಾಬೂನಿನ ನೀರು, ಪಾಯಖಾನೆಯ ನೀರು ಗಟಾರಕ್ಕೆ ಇಳಿಯುತ್ತದೆ. ಅದರಲ್ಲಿ ಒಂದು ಪಾಲು ಶುದ್ಧಿಯಾಗುತ್ತದೆ. ಇನ್ನೊಂದು ಪಾಲು ವರ್ಷಗಳಿಂದ ಹಾಗೆಯೇ ಮುಳಾ, ಮುಠಾ ನದಿಗಳಿಗೆ ಸೇರುತ್ತ ಬಂದಿದೆ. ಆ ಎರಡು ನದಿಗಳು ಶಹರದಲ್ಲಿಯೇ ಕೂಡಿ, ಪೂರ್ವಕ್ಕೆ ಹರಿದು ಭೀಮೆಗೆ ಸೇರುತ್ತವೆ. ಭೀಮೆ ದೌಂಡ ದಾಟಿ ಉಜನಿಯ ಜಲಾಶಯಕ್ಕೆ ಬರುತ್ತಾಳೆ.

ಉಜನಿ ಎಂದರೆ ನಿಮಗೆಲ್ಲ ಗೊತ್ತು. 1980ರಲ್ಲಿ ಪೂರ್ಣವಾದ ಆ ಅಣೆಕಟ್ಟಿನಲ್ಲಿ ಸುಮಾರು 117 ಟಿಎಂಸಿ ನೀರು ನಿಲ್ಲುತ್ತದೆ. ಸೊಲ್ಲಾಪುರ ಶಹರದ ನಳಕ್ಕೆ ಬರುವ ನೀರಿನ ದೊಡ್ಡ ಪಾಲು ಅಲ್ಲಿಯದೇ. ಅಲ್ಲಿಂದ ಬಿಟ್ಟ ನೀರು ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಮಂಗಳವೇಢೆಯ ಸೀಮೆ ಹಾಯ್ದು, ಕೂಡಲದಲ್ಲಿ ಸೀನಾ ನದಿಯನ್ನು ಕೂಡಿಕೊಂಡು ನಮ್ಮ ಅಕ್ಕಲಕೋಟ ತಾಲೂಕಿನ ಅಂಚಿಗೆ ಬರುತ್ತದೆ.

"ಅಜ್ಜಾರ, ನಕಾಶ್ಯಾಗ ನನ್ನ ಬೆರಳ ನಮ್ಮ ಅತ್ತೀ ಊರ ಮುಂದ ಬಂದು ನಿಂತಿತು. ನಾ ಅಲ್ಲಿ ಮೈ ತೊಳಕೊಂಡ ನೀರ ಇಲ್ಲಿ ನಮ್ಮತ್ತಿ ಕೊಡದಾಗ ಬೀಳ್ತದಲ್ಲ ಅನಿಸಿ ಆ ದಿವಸ ನನಗ ಊಟಾನ ಸೇರಲಿಲ್ಲ" ಎಂದಳು.

ಸದ್ಭಕ್ತರೇ, ನೀರನ್ನು ಶುದ್ಧಮಾಡಿಯೇ ನಳಕ್ಕೆ ಬಿಡುತ್ತಾರೆ, ಅದು ನಿಜ. ಆದರೂ ಉಜನಿಯ ನೀರು ಹಸಿರುಗಟ್ಟುವುದನ್ನೂ ನೋಡಿದ್ದೇವೆ, ಸೊಲ್ಲಾಪುರದ ತಾಯಂದಿರು ನಾಲ್ಕೈದು ದಿನಕ್ಕೊಮ್ಮೆ ಬರುವ ನಳಕ್ಕಾಗಿ ಕೊಡ, ಡ್ರಮ್ಮು ಸಾಲಿಟ್ಟು ಕಾಯ್ದದ್ದನ್ನೂ ನೋಡಿದ್ದೇವೆ. 2023ರಲ್ಲಿ ಮಳೆ ಕೈಕೊಟ್ಟು, 2024ರ ಬೇಸಿಗೆಯಲ್ಲಿ ಉಜನಿ 'ಮೈನಸ್'ಗೆ ಇಳಿದದ್ದನ್ನು ಯಾರು ಮರೆತಾರು? ಇಷ್ಟೆಲ್ಲ ನೋಡಿದ ನಾವು ಹಿರಿಯರು ಆ ನೀರಿನ ದಾರಿಯನ್ನು ಒಮ್ಮೆಯೂ ಬೆರಳಿಟ್ಟು ನೋಡಿರಲಿಲ್ಲ. ಹದಿನೇಳರ ಮಗಳು ನೋಡಿದಳು.

ಅಂದಿನಿಂದ ಅವಳು ತನ್ನ ಬದುಕನ್ನು ಒಂದೊಂದಾಗಿ ತಿದ್ದಿಕೊಳ್ಳತೊಡಗಿದ್ದಾಳೆ. ವಸತಿಗೃಹದಲ್ಲಿ ಎಲ್ಲರೂ ತುಂತುರು ನಳದ ಕೆಳಗೆ ಹತ್ತು ಹದಿನೈದು ನಿಮಿಷ ನಿಲ್ಲುವಾಗ ಈಕೆ ಒಂದು ಬಕೆಟ್ಟು ನೀರಿನಲ್ಲಿ ಸ್ನಾನ ಮುಗಿಸುತ್ತಾಳೆ. ಸರಕಾರದ ಲೆಕ್ಕದಲ್ಲಿ ಗಟಾರವಿರುವ ಶಹರದವನಿಗೆ ದಿನಕ್ಕೆ 135 ಲೀಟರ್ ನೀರು, ಹಳ್ಳಿಯವನಿಗೆ 55 ಲೀಟರ್. "ನಾ ಹಳ್ಳಿ ಲೆಕ್ಕದಾಗ ಇದ್ದು ನೋಡೂಣು ಅಂತ ಮಾಡೀನ್ರಿ" ಎಂದು ನಕ್ಕಳು. ಹತ್ತಿರದ ಕಾಲೇಜಿಗೆ ಹಳೆಯ ಸಾಯಕಲ್ಲು. ಪೇಟೆಗೆ ಹೋದರೆ ಬಟ್ಟೆಯ ಚೀಲ. ಊರಿನಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಸ್ಟೀಲ್ ಡಬ್ಬಿಯಲ್ಲಿ. ಹೊದೆಯಲು ಅಜ್ಜಿ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಪ್ರಸಾದದ ತಾಟನ್ನು ಒರೆಸಿ, ನೀರು ಹಾಕಿ ತೊಳೆದು ಕುಡಿಯುವ ನಮ್ಮ ಹಿರಿಯರ ಪದ್ಧತಿಯನ್ನು ಅಲ್ಲಿಯ ಮೆಸ್ಸಿನಲ್ಲಿಯೂ ಬಿಟ್ಟಿಲ್ಲ. ಮೊದಮೊದಲು ಹುಡುಗಿಯರು ಮುಸುಮುಸು ನಗುತ್ತಿದ್ದರಂತೆ.

ಕಸವನ್ನು ಹಸಿ ಬೇರೆ, ಒಣ ಬೇರೆ ಮಾಡಿ ಕೊಡುತ್ತಾಳೆ. ನಿಯಮದ ಪ್ರಕಾರ ಹೀಗೆ ಬೇರ್ಪಡಿಸುವುದು ಪ್ರತಿ ಮನೆಯ ಕರ್ತವ್ಯ. ಅವಳ ಓಣಿಗೆ ಕಸ ಒಯ್ಯಲು ಬರುವ ತಾಯಂದಿರು 'ಸ್ವಚ್ಛ' ಎಂಬ ಸಹಕಾರಿ ಸಂಸ್ಥೆಯವರು. ಪುಣೆಯಲ್ಲಿ ಕಸ ಆರಿಸಿ ಹೊಟ್ಟೆ ಹೊರೆಯುವವರು 1993ರಲ್ಲಿ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಅದರಿಂದ ಬೆಳೆದದ್ದು ಈ ಸಂಸ್ಥೆ. ಅವರಲ್ಲಿ 1972ರ ಬರಗಾಲದಲ್ಲಿ ಊರು ಬಿಟ್ಟು ಬಂದ ಮನೆತನದವರೂ ಇದ್ದಾರೆ. ಆ ಬರವನ್ನು ಉಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದೀರಿ. ಕೆಂಪು ಜೋಳಕ್ಕಾಗಿ ಸರತಿ ನಿಂತದ್ದು ನಿಮಗೆ ನೆನಪಿರಬೇಕು. ಅಂಥವರ ಬರಿಗೈಗೆ ಕೊಳೆತ ಅನ್ನ, ಒಡೆದ ಗಾಜು, ಮೈಲಿಗೆ ಅರಿವೆ ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ ಕೊಡುವುದು ಸರಿಯೇ ಎಂದು ಹುಡುಗಿ ಕೇಳಿದಳು.

ಈ ಮಾತು ಕೇಳಿ ನಮಗೆ ಶರಣೆ ಸತ್ಯಕ್ಕ ನೆನಪಾದಳು. ಶಿವಭಕ್ತರ ಮನೆಯಂಗಳ ಗುಡಿಸುವುದೇ ಆಕೆಯ ಕಾಯಕವಾಗಿತ್ತು. ಆ ಕಸಬರಿಗೆಯ ಕಾಯಕಕ್ಕೆ ಕಲ್ಯಾಣದ ಶರಣರು ಮಂತ್ರಿಯ ಕಾಯಕದಷ್ಟೇ ಬೆಲೆ ಕೊಟ್ಟರು. ಗುಡಿಸುವವರನ್ನು ಕೀಳು ಮಾಡಿ ಬಸವಣ್ಣನವರ ಭಾವಚಿತ್ರಕ್ಕೆ ಹಾರ ಹಾಕಿದರೆ ಆ ಹಾರ ಅವರಿಗೆ ಮುಟ್ಟೀತೇ?

ಇಷ್ಟು ಹೇಳಿದ ಹುಡುಗಿ ಕೊನೆಗೆ ಕಣ್ಣೀರು ತಂದಳು. "ಅಜ್ಜಾರ, ನಾ ಒಂದ ಬಕೆಟ್ ಉಳಿಸಿದ್ರ ಏನಾಗ್ತದ? ಆ ಊರಾಗ ಲಕ್ಷಗಟ್ಟಲೆ ಮಂದಿ ಅದಾರ. ನಾ ಉಳಿಸಿದ್ದು ಬಾಜೂ ರೂಮಿನಾಕಿ ಐದ ನಿಮಿಷದಾಗ ಚೆಲ್ತಾಳ. ಒಮ್ಮೊಮ್ಮೆ ಎಲ್ಲಾ ಬಿಟ್ಟಬಿಡೂಣು ಅನಿಸ್ತದ." ತಾಯಿಯಿಂದ ಇನ್ನೊಂದು ಸಂಗತಿಯೂ ತಿಳಿಯಿತು. ಬೆಳಗಿನ ನಾಷ್ಟಾ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತದೆಂದು ಹುಡುಗಿ ಅದನ್ನು ತಿನ್ನುವುದನ್ನೇ ಬಿಟ್ಟು, ಒಂದು ದಿನ ತರಗತಿಯಲ್ಲಿ ತಲೆಸುತ್ತಿ ಕುಳಿತಿದ್ದಳಂತೆ.

ಆಗ ನಾವು ಅವಳಿಗೆ ಹೇಳಿದ ಮಾತನ್ನೇ ನಿಮಗೂ ಹೇಳುತ್ತೇವೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲಿಯೇ ಜಂಗಮ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ನಮಗೆ ಬೇಕಾದದ್ದು ಇಷ್ಟೇ, ಉಳಿದದ್ದನ್ನು ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಯೋಚಿಸಿ ನೋಡಿರಿ. ಆ ಒಂದು ಮುಷ್ಟಿ ಅಕ್ಕಿಯಿಂದ ಕಲ್ಯಾಣದ ಕಣಜ ತುಂಬಲೂ ಇಲ್ಲ, ಬರಿದಾಗಲೂ ಇಲ್ಲ. ಲೆಕ್ಕದ ದೃಷ್ಟಿಯಲ್ಲಿ ಅದು ಏನೂ ಅಲ್ಲ. ಆದರೂ ಒಂಬತ್ತು ಶತಮಾನಗಳ ಬಳಿಕ ನಾವು ಅದನ್ನು ನೆನೆಯುತ್ತೇವೆ. ಏಕೆಂದರೆ ಲಕ್ಕಮ್ಮ ಊರಿನ ಕಣಜದ ಲೆಕ್ಕ ಹಾಕಲಿಲ್ಲ, ತನ್ನ ಮನೆಯ ಮಡಕೆಯ ಲೆಕ್ಕ ಹಾಕಿದಳು. ತನಗೆ ಸಲ್ಲದ್ದು ತನ್ನ ಮನೆಗೆ ಬರಬಾರದು ಎಂಬುದಷ್ಟೇ ಆಕೆಯ ನಿಷ್ಠೆ. "ನೀನೂ ನಿನ್ನ ಬಕೆಟ್ಟಿನ ಲೆಕ್ಕ ಇಟಗೋ ತಂಗಿ. ಬಾಜೂ ರೂಮಿನ ಲೆಕ್ಕ ನಿನ್ನ ಕೈಯಾಗ ಇಲ್ಲ" ಎಂದೆವು.

ಎರಡನೆಯದಾಗಿ, ಕಾಯಕಕ್ಕೆ ಅಹಂಕಾರ ಸೇರಬಾರದು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು. ಇಂದಿಗೂ ಸೊಲ್ಲಾಪುರದ ನಡುವೆ ಆ ಕೆರೆಯಿದೆ; ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ನೀವೆಲ್ಲ ಹೋಗಿ ಬರುತ್ತೀರಿ. ಅಂಥ ಪುಣ್ಯಪುರುಷರನ್ನೇ ಅಲ್ಲಮಪ್ರಭುಗಳು ಬಂದು 'ಒಡ್ಡ' ಎಂದು ಕರೆದು ಕೆಣಕಿದರೆಂದು ಶರಣ ಪರಂಪರೆ ಹೇಳುತ್ತದೆ. ಕೆರೆ ತೋಡಿದ್ದು ತಪ್ಪೆಂದಲ್ಲ. ನಾನು ತೋಡಿದೆ ಎಂಬ ಭಾವ ಒಳಗೆ ಉಳಿದೀತೆಂದು ಪ್ರಭುಗಳು ಎಚ್ಚರಿಸಿದರು. ನೀರು ಉಳಿಸುವವಳು ಉಳಿಸದವರನ್ನು ಹಂಗಿಸತೊಡಗಿದರೆ ಉಳಿಸಿದ ಪುಣ್ಯವೂ ಹೋಗುತ್ತದೆ, ಗೆಳತಿಯೂ ದೂರಾಗುತ್ತಾಳೆ. ಗಿರಾಕಿಯ ಮುಂದೆ ತಂದೆಯನ್ನು ಬೈಯುವುದೂ ಅದೇ ಜಾತಿಯ ತಪ್ಪು. ಇದನ್ನು ಹುಡುಗಿ ಒಪ್ಪಿಕೊಂಡಳು.

ಮೂರನೆಯದಾಗಿ, ಉಪವಾಸ ಬಿದ್ದು ದೇಹವನ್ನು ದಂಡಿಸುವುದು ಶರಣಮಾರ್ಗವಲ್ಲ. ಕಾಯವೇ ಸೋತರೆ ಕಾಯಕ ಎಲ್ಲಿಯದು? ಪೊಟ್ಟಣದ ನಾಷ್ಟಾ ಬೇಡವಾದರೆ ಮೆಸ್ಸಿನವರಿಗೆ ವಿನಂತಿಸಿ ನಿನ್ನ ಡಬ್ಬಿಯಲ್ಲಿ ಹಾಕಿಸಿಕೋ. ಕೊಡದಿದ್ದರೆ ಅದನ್ನೇ ತಿನ್ನು, ಹೊಟ್ಟೆ ತುಂಬ ತಿನ್ನು ಎಂದು ಅಪ್ಪಣೆ ಮಾಡಿದೆವು. ಇಡೀ ಶಹರದ ಗಟಾರ ಶುದ್ಧಮಾಡುವ ಹೊಣೆ ಒಂದು ಮಗುವಿನ ಹೆಗಲಿನದಲ್ಲ. ಅದು ನಗರಪಾಲಿಕೆಯ, ಕಾರಖಾನೆಗಳ, ಸರಕಾರದ ಹೊಣೆ. ಅದನ್ನು ಕೇಳಿ ಪಡೆಯುವುದು ಮತ ಹಾಕುವ ಹಿರಿಯರ ಹೊಣೆ. ಪುಣೆಯ ಅಂಚಿನ ಉರುಳಿ ದೇವಾಚಿ, ಫುರಸುಂಗಿ ಊರುಗಳ ರೈತರು ತಮ್ಮ ಸೀಮೆಯಲ್ಲಿ ಸುರಿಯುವ ಕಸದ ಗುಡ್ಡದ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಅದು ರೈತರ ಹೋರಾಟ, ನಮ್ಮಂಥವರದೇ ಹೋರಾಟ.

ಇಷ್ಟಕ್ಕೆ ಮಾತು ಮುಗಿಯಿತೆಂದು ನಾವು ತಿಳಿದಿದ್ದೆವು. ಆದರೆ ಹುಡುಗಿ ಕಣ್ಣೊರೆಸಿಕೊಂಡು, "ಅಜ್ಜಾರ, ಒಂದ ಮಾತ ಕೇಳ್ತೀನಿ, ಸಿಟ್ಟ ಮಾಡಬ್ಯಾಡ್ರಿ. ಹ್ವಾದ ಜಾತ್ರ್ಯಾಗ ಮಠದ ಹಿಂದಿನ ಹಳ್ಳದಾಗ ಬಿದ್ದ ಲೋಟ, ತಾಟ ನೀವು ನೋಡೀರೇನ್ರಿ?" ಎಂದಳು. ತಂದೆ ಗಾಬರಿಯಾಗಿ "ಸುಮ್ಮಕಿರು" ಎಂದು ಗದರಿದರು. ನಾವು ಅವರನ್ನು ತಡೆದು, ಎದ್ದು, ಅವಳೊಂದಿಗೆ ಹಳ್ಳದವರೆಗೆ ನಡೆದು ಹೋದೆವು.

ಸದ್ಭಕ್ತರೇ, ಅಲ್ಲಿ ಕಂಡದ್ದನ್ನು ಮುಚ್ಚಿಡುವುದಿಲ್ಲ. ಮೂರು ದಿನದ ದಾಸೋಹದಲ್ಲಿ ಸಾವಿರಾರು ಭಕ್ತರು ಉಂಡು ಎಸೆದ ಮಿರುಗುವ ತಾಟುಗಳು, ಚಹಾದ ಲೋಟಗಳು ಜಾಲಿಗಂಟಿಗೆ ಸಿಕ್ಕಿ ಇನ್ನೂ ಹಾರಾಡುತ್ತಿದ್ದವು. ಕಾಗದದ ಲೋಟವೆಂದು ನಾವು ನಂಬಿದ್ದರ ಒಳಗೂ ಪ್ಲಾಸ್ಟಿಕ್ಕಿನ ತೆಳು ಪದರವಿತ್ತು. ಒಂದು ಆಕಳು ಅನ್ನದ ವಾಸನೆಗೆ ತಾಟನ್ನೇ ಅಗಿಯುತ್ತಿತ್ತು. 2018ರಿಂದಲೇ ಮಹಾರಾಷ್ಟ್ರದಲ್ಲಿ ಥರ್ಮಾಕೋಲ್ ತಾಟಿಗೆ ನಿಷೇಧವಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಾಟು, ಲೋಟಗಳನ್ನು ದೇಶಕ್ಕೇ ನಿಷೇಧಿಸಲಾಗಿದೆ. ಕಾನೂನಿನ ಮಾತು ಹಾಗಿರಲಿ, ಪ್ರಸಾದವೆಂದು ಬಡಿಸಿ ಆಕಳ ಹೊಟ್ಟೆಗೆ ವಿಷ ಹಾಕಿದೆವಲ್ಲ! ಆ ಹಳ್ಳದ ನೀರು ಬೋರಿ ನದಿಗೆ, ಬೋರಿಯ ನೀರು ಭೀಮೆಗೆ ಸೇರುತ್ತದೆ. ಭೀಮೆ ಮುಂದೆ ಅಫಜಲಪುರ, ಗಾಣಗಾಪುರ, ಅಲ್ಲಿಂದ ಕೃಷ್ಣೆ. ಆ ದಂಡೆಯ ಹಳ್ಳಿಗಳಲ್ಲಿಯೂ ನಮ್ಮದೇ ಭಕ್ತರಿದ್ದಾರೆ, ನಿಮ್ಮದೇ ಬೀಗರಿದ್ದಾರೆ. ಪುಣೆಯವರಿಗೆ ನಾವು ಕೆಳಗಿನವರು. ಅಫಜಲಪುರದವರಿಗೆ ನಾವೇ ಮೇಲಿನವರು. ಪುಣೆಯವರನ್ನು ದೂರುವ ಬಾಯಿ ನಮಗೆ ಉಳಿಯಲಿಲ್ಲ.

ಅಂದೇ ಸಂಜೆ ಜಾತ್ರಾ ಕಮಿಟಿಯವರನ್ನು ಕರೆಸಿದೆವು. ಮುಂದಿನ ಜಾತ್ರೆಯಿಂದ ಮಠದಲ್ಲಿ ಎಸೆಯುವ ತಾಟು, ಲೋಟ ಬೇಡ, ಸ್ಟೀಲಿನವೇ ಇರಲಿ ಎಂದೆವು. ತೊಳೆಯಲು ನೀರೆಲ್ಲಿದೆ ಎಂದು ಹಿರಿಯರೊಬ್ಬರು ಕೇಳಿದರು. ಬರದ ಸೀಮೆಯಲ್ಲಿ ಆ ಪ್ರಶ್ನೆ ಸಣ್ಣದಲ್ಲ. ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ, ತಾಟನ್ನು ಮೊದಲು ಬೂದಿಯಿಂದ ಒರೆಸಿ ಆಮೇಲೆ ಸ್ವಲ್ಪ ನೀರಿನಲ್ಲಿ ತೊಳೆಯುವುದು, ಆ ನೀರನ್ನು ಮಠದ ಬಾಳೆ, ತೆಂಗಿಗೆ ಬಿಡುವುದು, ಮಳೆ ತೀರ ಕಡಿಮೆಯಾದ ವರ್ಷ ಮುತ್ತುಗದ ಎಲೆಯ ಪತ್ರಾವಳಿ ಬಳಸಿ ಅವನ್ನು ಗೊಬ್ಬರದ ತಿಪ್ಪೆಗೆ ಹಾಕುವುದು ಎಂದು ನಿರ್ಣಯವಾಯಿತು. ತಾಟು ತೊಳೆಯುವ ಕಾಯಕದ ಮೊದಲ ಪಾಳಿ ನಮ್ಮದು ಎಂದು ಹೇಳಿದ್ದೇವೆ. ಎರಡನೆಯ ಪಾಳಿಗೆ ನೀವು ಬರಬೇಕು. ಮನೆಯಿಂದಲೇ ತಾಟು, ಲೋಟ ತರುವವರು ತನ್ನಿರಿ, ಅದರಲ್ಲಿ ನಾಚಿಕೆಯಿಲ್ಲ.

ರೈತ ಬಂಧುಗಳೇ, ನಿಮಗೂ ಒಂದು ಮಾತು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರ್ ಆಸುಪಾಸು ಮಳೆ. ಕಬ್ಬಿಗೆ ಬೇಕಾಗುವ ನೀರು ಅದರ ಮೂರು ಪಟ್ಟು. ಮಗಳು ಶಹರದಲ್ಲಿ ಬಕೆಟ್ಟಿನ ಲೆಕ್ಕ ಇಡುವಾಗ ನಾವು ಇಲ್ಲಿ ಮೋಟಾರು ಹಚ್ಚಿಟ್ಟು ಮಲಗಿದರೆ ಹೇಗೆ? ಕಬ್ಬು ಬಿಡಲಾಗದವರು ಹನಿ ನೀರಾವರಿ ಮಾಡಿರಿ, ರವದಿಗೆ ಬೆಂಕಿ ಇಡದೆ ಹೊಲದಲ್ಲಿಯೇ ಮುಚ್ಚಿಗೆ ಮಾಡಿರಿ. ಒಂದೆರಡು ಎಕರೆಯಾದರೂ ನಮ್ಮ ಹಿರಿಯರ ಬಿಳಿಜೋಳಕ್ಕೆ ಇರಲಿ. ವ್ಯಾಪಾರಿ ಬಂಧುಗಳೇ, ಮಂಗಳವಾಡದಲ್ಲಿ ಕರಣಿಕರಾಗಿದ್ದ ಬಸವಣ್ಣನವರು ಲೆಕ್ಕ ಚೊಕ್ಕವಾಗಿಟ್ಟವರು. ನೀವೂ ಅಂಗಡಿಯ ಲೆಕ್ಕದಲ್ಲಿ ಒಂದು ಸಾಲು ಸೇರಿಸಿರಿ: ಇಂದು ನನ್ನ ಅಂಗಡಿಯಿಂದ ಎಷ್ಟು ಚೀಲ ಹಳ್ಳಕ್ಕೆ ಹೋದವು ಎಂದು.

ತಂದೆತಾಯಿಗಳೇ, ಮಕ್ಕಳು ಕಡಿಮೆ ಖರ್ಚಿನಲ್ಲಿ, ಹಳೆಯ ಬಟ್ಟೆಯಲ್ಲಿ ಬದುಕುತ್ತೇವೆಂದರೆ ಮನೆತನದ ಮಾನ ಹೋಗುವುದಿಲ್ಲ. ಲಗ್ನದಲ್ಲಿ ಆ ಹುಡುಗಿ ತಾಯಿಯ ಇಳಕಲ್ಲ ಸೀರೆಯನ್ನೇ ಉಟ್ಟಳಂತೆ. ಯಾರೂ ಏನೂ ಅನ್ನಲಿಲ್ಲ, ಅಜ್ಜಿಯೊಬ್ಬಳು ಮಾತ್ರ ಸೆರಗು ಹಿಡಿದು ನೋಡಿ ಕಣ್ಣು ತುಂಬಿಕೊಂಡಳು ಎಂದು ಅವಳ ತಂದೆಯೇ ಬಂದು ಹೇಳಿದರು.

ಮೊನ್ನೆ ಹುಡುಗಿ ಫೋನಿನಲ್ಲಿ ಮಾತಾಡಿದಳು. ಬಾಜೂ ರೂಮಿನಾಕೆ ಇನ್ನೂ ನಳ ಬಿಟ್ಟೇ ನಿಲ್ಲುತ್ತಾಳೆ. ಆದರೆ ಈಕೆಯ ರೂಮಿನ ಗೆಳತಿ ಮಾತ್ರ ತಾನಾಗಿಯೇ ಕಸದ ಎರಡನೆಯ ಬುಟ್ಟಿ ತಂದಿಟ್ಟಿದ್ದಾಳೆ. "ಮತ್ತ ನಾಷ್ಟಾ?" ಎಂದು ಕೇಳಿದೆವು. "ಡಬ್ಬ್ಯಾಗ ಹಾಕಿ ಕೊಡ್ತಾರ್ರಿ ಅಜ್ಜಾರ, ಹೊಟ್ಟಿ ತುಂಬ ತಿಂತೀನಿ" ಎಂದಳು.

ಮೇಲಿನವರು ಕೆಳಗಿನವರನ್ನು ನೆನೆದು ನೀರು ಬಳಸಲಿ. ಕೆಳಗಿನವರು ತಾವೂ ಒಬ್ಬರಿಗೆ ಮೇಲಿನವರೆಂಬುದನ್ನು ಮರೆಯದಿರಲಿ. ಶಹರದಲ್ಲಿರುವ ನಮ್ಮ ಮಕ್ಕಳಿಗೆ ಗುರು ಬಸವಣ್ಣನವರು ಒಳ್ಳೆಯ ಬುದ್ಧಿಯನ್ನೂ, ಅವರ ಮಾತು ಕೇಳುವ ದೊಡ್ಡ ಮನಸ್ಸನ್ನು ನಮಗೂ ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.

ಶರಣು ಶರಣಾರ್ಥಿ.